ಏಡಿಗೆ ಕೈ ಮುಗಿದದ್ದು

ನಾನು ಚಿಕ್ಕವನಿದ್ದಾಗ ಮಹಾ ಹೊಟ್ಟೆಬಾಕ. ಈಗಲೂ ಅಷ್ಟೇ ಅಂತೀರಿ, ಗೊತ್ತು, ಸುಮ್ಮನೆ ಕೇಳಿ ಮೊಮ್ಮಕ್ಕಳೇ. ಅಪ್ಪ ಲಾರಿ ಓಡಿಸುತ್ತಿದ್ದ. ಒಮ್ಮೆ ಸಿಂಧನೂರಿನ ಅಕ್ಕಿ ತುಂಬಿಕೊಂಡು ಕಾರವಾರಕ್ಕೆ ಹೊರಟಾಗ ಅಕ್ಕನನ್ನೂ ನನ್ನನ್ನೂ ಹತ್ತಿಸಿಕೊಂಡ.

ಅಜ್ಜಿ ಲಾರಿಯ ಬಾಗಿಲು ಹಿಡಿದು ನಿಂತಳು. "ಮೀನ ಎಷ್ಟರ ತಿನ್ರಿ. ಏಡಿ ಮಾತ್ರ ಮುಟ್ಟಬ್ಯಾಡ್ರಿ!"

ನಮ್ಮದು ಏಡಿ ಬೆಡಗು. ಬೆಡಗು ಎಂದರೆ ವಂಶದ ಹೆಸರು. ಏಡಿ ನಮಗೆ ಒಡಹುಟ್ಟಿದವರ ಸಮಾನ. ಗೊರೇಬಾಳದ ನಮ್ಮ ಗದ್ದೆಯಲ್ಲಿ ನಾಟಿಯ ಹೊತ್ತಿಗೆ ಏಡಿ ಸಿಕ್ಕರೆ ಅಪ್ಪ ಅಂಗೈಯಲ್ಲಿ ಎತ್ತಿ ಬದುವಿನ ಮೇಲೆ ಬಿಡುತ್ತಿದ್ದ.

ಕಾರವಾರದ ಖಾನಾವಳಿಯಲ್ಲಿ ರವೆ ಹಚ್ಚಿ ಹುರಿದ ಬಂಗಡೆ ಬಂತು. ಆಹಾ, ಕರುಂ ಕುರುಂ! ಅಕ್ಕ ಮುಳ್ಳು ಬಿಡಿಸಿ ಕೊಟ್ಟಳು. ಆಮೇಲೆ ತೆಂಗಿನಕಾಯಿ ಅರೆದ ಕೆಂಪು ಸಾರು. "ಏನ್ರೀ ಇದು?" ಎಂದ ಅಪ್ಪ. ಬಡಿಸುವಾಕೆ ಕೊಂಕಣಿಯವಳು, "ಕುರ್ಲಿ" ಎಂದಳು. ಅದೂ ಒಂದು ಮೀನಿರಬೇಕೆಂದು ಎಲ್ಲರೂ ಉಂಡೆವು. ನಾನು ಮೂರನೇ ಸಲ ಕೇಳಿದಾಗ ಆಕೆ ಸೌಟನ್ನು ತಳಕ್ಕೆ ಹಾಕಿ ತೆಗೆದಳು. ನನ್ನ ಅನ್ನದ ಮೇಲೆ ಒಂದು ಕೆಂಪು ಕೊಂಡಿ ಬಿತ್ತು.

"ಅಯ್ಯಯ್ಯಪ್ಪಾ, ಏಡಿ!" ಎಂದು ಅಕ್ಕ ಚೀರಿದಳು.

ನನಗೆ ಅಳುವೇ ಬಂತು. "ನಾ ಬರೇ ಸಾರು ಉಂಡೀನಿ ಅಪ್ಪಾ. ಏಡಿ ತಿಂದಂಗ ಆತೇನು?" ಅಪ್ಪ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅವನೂ ಎರಡು ಸಲ ಹಾಕಿಸಿಕೊಂಡಿದ್ದ.

ವಾಪಸು ಬರುವಾಗ ಲಿಂಗಸುಗೂರಿನಲ್ಲಿ ಉಪ್ಪಿನ ಮೂಟೆ ಇಳಿಸಿ ಮಸ್ಕಿ ದಾಟುತ್ತಿದ್ದಂತೆ ಅಕ್ಕ ಮೆಲ್ಲಗೆ, "ಅಜ್ಜಿಗೆ ಹೇಳೂದು ಬ್ಯಾಡ" ಎಂದಳು.

"ತಪ್ಪು ಒಂದ ಸಾಕವ್ವ. ಸುಳ್ಳು ಬ್ಯಾರೆ ಯಾಕ?" ಎಂದ ಅಪ್ಪ.

ಅಜ್ಜಿ ಎಲ್ಲವನ್ನೂ ಕೇಳಿದಳು, ಬಯ್ಯಲಿಲ್ಲ. "ನನಗ್ಯಾಕ ಹೇಳ್ತೀರಿ? ಯಾರನ್ನ ಉಂಡೀರಿ, ಅವರನ್ನ ಕೇಳ್ರಿ, ನಡೀರಿ" ಎಂದು ಗದ್ದೆಗೆ ಅಟ್ಟಿದಳು. ಬದುವಿನ ಬಿಲದಿಂದ ಒಂದು ಏಡಿ ಕಣ್ಣು ಚಾಚಿ ನೋಡುತ್ತಿತ್ತು. ಮೂವರೂ ಕೆಸರಿನಲ್ಲಿ ಮಂಡಿಯೂರಿದೆವು. "ಗೊತ್ತಾಗಲಿಲ್ಲೋ ಯಪ್ಪಾ, ತಪ್ಪಾತು" ಎಂದ ಮೀಸೆಯ ನಮ್ಮಪ್ಪ. ಏಡಿ ಕೊಂಡಿ ಎತ್ತಿ ಒಳಗೆ ಸರಿಯಿತು. "ಒಪ್ಪಿತು!" ಎಂದಳು ಅಕ್ಕ. ನನಗೆ ಹೋದ ಜೀವ ಬಂದಂತಾಯಿತು.

ಈಗ ನಿಮಗೆ ಸಿಂಧನೂರಿನಲ್ಲೇ ಸಮುದ್ರದ ಮೀನು ಸಿಗುತ್ತದೆ. ಕುರ್ಲಿ ಅಂದರೇನು ಎಂದು ಮೊಬೈಲು ಚಿತ್ರಸಮೇತ ಹೇಳುತ್ತದೆ. ನಮ್ಮಂಥ ತಪ್ಪು ನಿಮ್ಮಿಂದ ಆಗದು. ಆದರೆ ಮೊನ್ನೆ ಅದೇ ಬದುವಿನ ಮೇಲೆ ನಾವು ಎಷ್ಟು ಹುಡುಕಿದರೂ ಒಂದು ಏಡಿಯೂ ಕಾಣಲಿಲ್ಲ, ಅಲ್ಲವೇ? ಗದ್ದೆಗೆ ವರ್ಷ ವರ್ಷ ಔಷಧಿ ಹೊಡೆದವನು ನಾನೇ. "ಹಂಗಾರ ಈಗ ಯಾರಿಗೆ ತಪ್ಪಾತು ಅಂತೀ, ತಾತಾ?" ಎಂದು ನೀವು ಕೇಳಿದಿರಿ.

ನಾನು ಬರಿಯ ಕೆಸರಿಗೇ ಕೈ ಮುಗಿದೆ.