ದೂರುವಾಣಿ ಮೇಡಂ ಒಳ್ಳೆಯ ಸುದ್ದಿ ಹೇಳಿದ್ದು

ಶಾಲೆಯ ಕಚೇರಿಯಲ್ಲಿ ಹಾಜರಿ ನೋಡಿಕೊಳ್ಳುವ ಕ್ಲರ್ಕ್ ಮೇಡಂಗೆ ಮಕ್ಕಳು ಇಟ್ಟ ಹೆಸರು ದೂರುವಾಣಿ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರು ಯಾವ ಮನೆಗೂ ಸುಮ್ಮನೆ ಫೋನು ಮಾಡಿದವರಲ್ಲ. ಮಗ ಮೂರು ದಿನದಿಂದ ತಡವಾಗಿ ಬರುತ್ತಿದ್ದಾನೆ, ಮಗಳು ಪಕ್ಕದವಳ ಜಡೆಯನ್ನು ಬೆಂಚಿಗೆ ಕಟ್ಟಿದ್ದಾಳೆ, ಇಂಥವೇ ಸಮಾಚಾರ. ಆ ಹೆಸರು ಅವರ ಕಿವಿಗೂ ಬಿದ್ದಿತ್ತು. ಒಂದಿಷ್ಟು ಅಂಜಿಕೆ ಇರಲಿ ಬಿಡು ಎಂದು ಒಳಗೊಳಗೇ ಖುಷಿಪಟ್ಟಿದ್ದರು.

ಕಾಯಿಲೆಯ ಕಾಲ ಬಂತು, ಶಾಲೆಗೆ ಬೀಗ ಬಿತ್ತು, ಪಾಠವೆಲ್ಲ ಫೋನಿನ ಪರದೆಗೆ ಹೋಯಿತು. ಏಳನೇ ತರಗತಿಯ ಮೂವತ್ತೆಂಟು ಮಕ್ಕಳಲ್ಲಿ ಹದಿನಾಲ್ಕು ಮಂದಿಯ ಸುಳಿವೇ ಇರಲಿಲ್ಲ. ಮನೆಗಳಿಗೆ ಫೋನು ಮಾಡಿ ವಿಚಾರಿಸಿ ಎಂದರು ಹೆಡ್‌ಮಿಸ್. ಮೇಡಂ ಮನೆಯ ಊಟದ ಮೇಜಿನ ಮೇಲೆ ಹಾಜರಿ ಪುಸ್ತಕ ಹರಡಿ, ಕನ್ನಡಕ ಏರಿಸಿ, ಒಂದೊಂದೇ ನಂಬರು ಒತ್ತಿದರು. ಹನ್ನೊಂದು ಮನೆಯವರು ಎತ್ತಲಿಲ್ಲ, ಎರಡು ನಂಬರು ಸ್ವಿಚ್ ಆಫ್. ಹದಿನಾಲ್ಕನೆಯವರು ದನಿ ಬದಲಿಸಿ "ರಾಂಗ್ ನಂಬರ್" ಎಂದು ಕೆಮ್ಮಿದರು. ಆ ಅಪ್ಪನ ಕೆಮ್ಮು ಮೇಡಂಗೆ ಆರು ವರ್ಷದಿಂದ ಪರಿಚಯ.

ಅವರು ಹೆಡ್‌ಮಿಸ್‌ಗೆ ಹೇಳಿದರು, "ಜನಕ್ಕೆ ಜವಾಬ್ದಾರೀನೇ ಇಲ್ಲ ನೋಡಿ."

"ಜವಾಬ್ದಾರಿ ಇದೆ ಮೇಡಂ, ಧೈರ್ಯ ಇಲ್ಲ. ನಿಮ್ಮ ನಂಬರ್ ಕಂಡ್ರೆ ಫೋನನ್ನ ದಿಂಬಿನ ಕೆಳಗೆ ಇಡ್ತಾರೆ. ಮೊದಲು ಮಗು ಬಗ್ಗೆ ಒಂದು ಒಳ್ಳೆ ಮಾತು ಬರೆದು ಕಳಿಸಿ. ಆಮೇಲೆ ಫೋನ್ ಮಾಡಿ."

ಒಳ್ಳೆ ಮಾತು. ಮೇಡಂ ಹಾಜರಿ ಪುಸ್ತಕವನ್ನು ಹಿಂದಕ್ಕೂ ಮುಂದಕ್ಕೂ ತಿರುವಿದರು. ಕೆಂಪು ಶಾಯಿಯಲ್ಲಿ ಅವರೇ ಬರೆದ ಟಿಪ್ಪಣಿಗಳಲ್ಲಿ ಅಂಥದ್ದೊಂದೂ ಸಿಗಲಿಲ್ಲ. ಕೊನೆಗೆ ಮೇಷ್ಟರುಗಳ ಬೆನ್ನು ಬಿದ್ದರು. ಗಣಿತದ ಮೇಷ್ಟರು ಒಬ್ಬ ಹುಡುಗನ ಬಗ್ಗೆ ಎರಡು ದಿನ ಯೋಚಿಸಿ ಬರೆದು ಕಳಿಸಿದರು: "ಪೆನ್ಸಿಲ್ ಬಹಳ ಚೂಪಾಗಿ ಹೆರೆಯುತ್ತಾನೆ."

ಇದನ್ನು ಹೇಗಪ್ಪಾ ಹೇಳುವುದು ಎಂದು ಮುಜುಗರಪಡುತ್ತಲೇ ಮೇಡಂ ಅದನ್ನು ಕಳಿಸಿದರು. ಐದು ನಿಮಿಷಕ್ಕೆ ಹುಡುಗನ ತಾಯಿಯೇ ಫೋನು ಮಾಡಿದಳು.

"ಇನ್ನೊಂದ್ಸಲ ಬಾಯಲ್ಲಿ ಹೇಳಿ ಮೇಡಂ. ಸ್ಪೀಕರ್‌ಗೆ ಹಾಕ್ತೀನಿ, ಇವರಪ್ಪನೂ ಕೇಳಲಿ."

ಮೇಡಂ ಹೇಳಿದರು. ಆ ಕಡೆಯಿಂದ ಪರಿಚಯದ ಕೆಮ್ಮು ಕೇಳಿಸಿತು. ಮರುದಿನ ಹುಡುಗ ತಲೆ ಬಾಚಿಕೊಂಡು ಪರದೆಯ ಮೇಲೆ ಹಾಜರಾದ.

ಹೀಗೆ ಒಬ್ಬೊಬ್ಬರೇ ಬಂದರು. ಆದರೆ ಒಬ್ಬ ಹುಡುಗಿ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಮೊದಲ ಮೂರು ದಿನ ಬಂದವಳು ನಾಲ್ಕನೆಯ ದಿನ ಮಾಯವಾಗಿದ್ದಳು. ಅವಳಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮೇಡಂ ಫೋನು ಮಾಡಿದಾಗ ಹಿಂದೆ ಮಿಷನ್ನು ಗಡಗಡ ಅನ್ನುತ್ತಿತ್ತು.

"ಏನ್ ಮಾಡಿದ್ಲು ಮೇಡಂ?"

"ಏನೂ ಮಾಡಿಲ್ಲಮ್ಮ."

"ಏನೂ ಮಾಡದೆ ನೀವ್ಯಾಕೆ ಫೋನ್ ಮಾಡ್ತೀರಾ?"

ಮೇಡಂ ಕನ್ನಡಕ ಸರಿಮಾಡಿಕೊಂಡರು. "ನಿಮ್ಮ ಮಗಳ ಅಕ್ಷರ ಚೆನ್ನಾಗಿದೆ ಅಂತ ಹೇಳೋಕೆ. ಒಂದ್ನಿಮಿಷ ಅವಳಿಗೇ ಕೊಡಿ."

ಹುಡುಗಿ ಫೋನು ಹಿಡಿದು ಮೆಟ್ಟಿಲಿಗೆ ಹೋದಳು. ಮಿಷನ್ನಿನ ಸದ್ದು ದೂರವಾಯಿತು.

"ಮಿಸ್, ಮೈಕ್ ಹಾಕಿದ್ರೆ ಮಿಷನ್ ಕೇಳುತ್ತೆ. ಎಲ್ಲಾ ನಗ್ತಾರೆ. ಅಮ್ಮಂಗೆ ನಿಲ್ಸು ಅಂದ್ರೆ ಕೆಲಸ ನಿಲ್ಲುತ್ತೆ. ಅದಕ್ಕೆ ಕ್ಲಾಸ್ ರಜಾ ಅಂತ ಹೇಳ್ಬಿಟ್ಟೆ."

ಹಳೆಯ ಮೇಡಂ ಆಗಿದ್ದರೆ ಈ ಸುಳ್ಳು ಒಂದಕ್ಕೇ ಅರ್ಧ ಗಂಟೆ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಈಗ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, "ಆಯ್ತು, ನೋಡೋಣ" ಎಂದಷ್ಟೇ ಅಂದರು. ಎದುರಿಗೆ ಬಟಾಣಿ ಸುಲಿಯುತ್ತಿದ್ದ ಗಂಡ ಅಚ್ಚರಿಯಿಂದ ತಲೆಯೆತ್ತಿ, ಹೆಂಡತಿಗೆ ಜ್ವರವೇನಾದರೂ ಬಂದಿದೆಯೋ ಎಂಬಂತೆ ನೋಡಿದರು.

ಆಮೇಲೆ ಮೇಡಂ ಗಣಿತದ ಮೇಷ್ಟರ ಜೊತೆ ಬಹಳ ಹೊತ್ತು ಮಾತಾಡಿದರು, ತಾಯಿಯನ್ನೂ ಮಗಳನ್ನೂ ಒಪ್ಪಿಸಿದರು. ಮರುದಿನ ಭಿನ್ನರಾಶಿಯ ಪಾಠಕ್ಕೆ ಕೊರಳಿಗೆ ಟೇಪು ಹಾಕಿಕೊಂಡು, ಬಟ್ಟೆಯ ಲೆಕ್ಕ ಹೇಳಿಕೊಡಲು ಹುಡುಗಿಯ ಅಮ್ಮನೇ ಪರದೆಯ ಮೇಲೆ ಬಂದಳು. ಮೊದಲ ಐದು ನಿಮಿಷ ತರಗತಿಗೆ ಕಂಡದ್ದು ಅವರ ಮನೆಯ ಫ್ಯಾನು ಮಾತ್ರ. ಮೇಷ್ಟರು ಗತ್ತಿನಿಂದ ಲೆಕ್ಕ ಕೊಟ್ಟರು: ಎರಡೂಕಾಲು ಮೀಟರು ಬಟ್ಟೆ ಇದೆ, ಒಂದು ದಿಂಬಿನ ಕವರಿಗೆ ಮುಕ್ಕಾಲು ಮೀಟರು ಬೇಕು. ಎಷ್ಟು ಕವರು?

"ಮೂರು" ಎಂದು ಅವರೇ ಬೋರ್ಡಿನ ಮೇಲೆ ಬರೆದರು.

"ಮೂರು ಬರಲ್ಲ ಸರ್," ಎಂದಳು ಅಮ್ಮ. "ಹೊಲಿಗೆಗೆ, ಮಡಿಚೋಕೆ ಬಿಡೋದು ಮರೆತ್ರಿ. ಎರಡೇ ಬರೋದು. ಮಿಕ್ಕಿದ್ದು ಚೂರು."

ತರಗತಿ ಬಿದ್ದು ಬಿದ್ದು ನಕ್ಕಿತು, ಈ ಸಲ ಮೇಷ್ಟರನ್ನು ನೋಡಿ. ಆ ಗಲಾಟೆಯ ನಡುವೆ ಇಷ್ಟು ದಿನ ಮುಚ್ಚಿದ್ದ ಮೈಕು ತೆರೆಯಿತು. "ಚೂರಲ್ಲಿ ಕರ್ಚೀಫ್ ಆಗುತ್ತೆ ಸರ್," ಎಂದಳು ಹುಡುಗಿ. ಎಷ್ಟು ಕರ್ಚೀಫು ಎಂದು ಮೂವತ್ತು ಮಕ್ಕಳು ಲೆಕ್ಕ ಹಾಕತೊಡಗಿದರು. ಮೇಷ್ಟರು ಮೆಲ್ಲಗೆ ಬೋರ್ಡು ಒರೆಸಿದರು. ಮಿಷನ್ನಿನ ಸದ್ದಿಗೆ ಆಮೇಲೆ ಯಾರೂ ನಗಲಿಲ್ಲ; ಅದು ನಿಂತ ದಿನ "ಆಂಟಿಗೆ ಹುಷಾರಿಲ್ವಾ?" ಎಂದು ಕೇಳಿದರು.

ತಿಂಗಳೊಳಗೆ ಮೂವತ್ತಾರು ಮಕ್ಕಳು ಕೂಡಿದರು. ಉಳಿದಿಬ್ಬರ ಮನೆಯವರು ಕೆಲಸ ಹುಡುಕಿಕೊಂಡು ಬೇರೆ ಕಡೆ ಹೋಗಿದ್ದರು, ಅವರ ಫೋನು ಹತ್ತಲೇ ಇಲ್ಲ. ಮೇಡಂ ಪ್ರತಿ ಶುಕ್ರವಾರ ಆ ಎರಡು ನಂಬರಿಗೂ ಪ್ರಯತ್ನಿಸುತ್ತಿದ್ದರು.

ಮಿಕ್ಕ ದಿನ ಅವರಿಗೆ ಪುರುಸೊತ್ತಿರಲಿಲ್ಲ. ಸಂಜೆ ನಾಲ್ಕಾದರೆ ಮನೆಮನೆಗಳಿಂದ ಅವರಿಗೇ ಫೋನು. ಇವನು ಹಾಲು ಕುಡಿಯಲ್ಲ ಮೇಡಂ, ಇವಳು ತಮ್ಮನ್ನ ಹೊಡೀತಾಳೆ ಮೇಡಂ, ಸ್ವಲ್ಪ ಜೋರು ಮಾಡಿ ಮೇಡಂ.

"ನಾನು ಜೋರು ಮಾಡೋದು ಬಿಟ್ಟಿದೀನಿ. ಕೊಡಿ ಇಲ್ಲಿ, ಸುಮ್ನೆ ಮಾತಾಡ್ತೀನಿ," ಎನ್ನುತ್ತಿದ್ದರು ಮೇಡಂ.