ಊದುವುದನ್ನು ಬಿಟ್ಟ ಗುರುಬಾಯಿ

ನಾರಾಯಣಗೂಡದ ಕನ್ನಡ ಮನೆಗಳಲ್ಲಿ ಮೂವತ್ತು ವರ್ಷದಿಂದ ಕೂಸುಗಳಿಗೆ ಎರೆಯುತ್ತ ಬಂದವಳು ಗುರುಬಾಯಿ. ಆಕೆ ಎರೆದ ಕೂಸುಗಳಲ್ಲಿ ಕೆಲವರು ಈಗ ತಮ್ಮ ಕೂಸುಗಳನ್ನೇ ಆಕೆಯ ಕಾಲ ಮೇಲೆ ಮಲಗಿಸುತ್ತಾರೆ. ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಕಡೆಗೆ ಕೂಸಿನ ಮೂಗಿಗೆ ತನ್ನ ಬಾಯಿ ಹಚ್ಚಿ ಒಂದೊಂದು ಹೊಳ್ಳೆಗೂ ಒಂದು ಸಲ ಊದುತ್ತಿದ್ದಳು. ಒಳಗೆ ಹೋದ ನೀರು ಹೊರಬರಬೇಕು. ಅವಳ ಅವ್ವ ಕಲಿಸಿದ್ದು ಅದು. ಊದದೆ ಎದ್ದರೆ ಅರ್ಧ ಎರೆದಂತೆ ಎನ್ನುತ್ತಿದ್ದಳು.

ಒಂದು ಜನವರಿಯಲ್ಲಿ ನಾಂಪಲ್ಲಿಯ ನುಮಾಯಿಷ್ ವಸ್ತುಪ್ರದರ್ಶನದಲ್ಲಿ ಮಂದಿಯ ನಡುವೆ ತಿರುಗಿ ಬಂದ ಮೇಲೆ ಗುರುಬಾಯಿಗೆ ನೆಗಡಿ ಹಿಡಿಯಿತು. ನೆಗಡಿಗೆಲ್ಲ ರಜೆ ಹಾಕುವುದು ಸರ್ಕಾರಿ ನೌಕರರ ಕೆಲಸ. ಸೆರಗಿನಿಂದ ಮೂಗು ಒರೆಸಿಕೊಂಡು ಎಂದಿನಂತೆ ಹೋದಳು, ಎಂದಿನಂತೆ ಊದಿದಳು.

ಐದನೆಯ ದಿನ ಕೃಷ್ಣಾಬಾಯಿಯ ಮನೆಯಲ್ಲಿ, ಅವರ ಮೂರು ತಿಂಗಳ ಮೊಮ್ಮಗ ನಚಿಕೇತನ ಎದೆಗೆ ಎಣ್ಣೆ ಹಚ್ಚುವಾಗ ಅವಳ ಕೈ ನಿಂತಿತು. ಒಳಗೆ ಯಾರೋ ಸಣ್ಣಗೆ ಸೀಟಿ ಹೊಡೆದಂತಿತ್ತು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ನಿನ್ನೆಯಿಂದ ಮೊಲೆ ಸರಿಯಾಗಿ ಹಿಡಿಯುತ್ತಿಲ್ಲ ಎಂದಳು ತಾಯಿ ಧನಶ್ರೀ. ಕಫವೆಂದು ತೀರ್ಮಾನಿಸಿದ್ದ ಕೃಷ್ಣಾಬಾಯಿ ಲೋಬಾನದ ಹೊಗೆ ಹಾಕಲು ಆಗಲೇ ಕೆಂಡ ತಂದಿದ್ದರು.

"ಹೊಗಿ ಬ್ಯಾಡ್ರಿ ಅವ್ವಾರ. ಮೊದ್ಲ ಆಟೋ ಕರೀರಿ," ಎಂದಳು ಗುರುಬಾಯಿ. ಎಣ್ಣೆ ಮೈಯಲ್ಲೇ ಕೂಸನ್ನು ಸುತ್ತಿಕೊಂಡು ಎದ್ದಳು.

ಮಕ್ಕಳ ದವಾಖಾನೆಯಲ್ಲಿ ಕೂಸಿನ ಮೂಗಿಗೆ ಆಕ್ಸಿಜನ್ ನಳಿಗೆ ಹಚ್ಚಿದರು. ಡಾಕ್ಟರಮ್ಮ ಹಿಂದಿಯಲ್ಲಿ ಬಿಡಿಸಿ ಹೇಳಿದರು: ಇದು ವೈರಸ್ಸು. ದೊಡ್ಡವರಿಗೆ ಬರೀ ನೆಗಡಿ. ಇಷ್ಟು ಸಣ್ಣ ಕೂಸಿಗೆ ಬಂದರೆ ಹುಲ್ಲುಕಡ್ಡಿಯಂಥ ಉಸಿರಿನ ನಾಳಗಳು ಒಳಗೊಳಗೇ ಬಾತುಕೊಳ್ಳುತ್ತವೆ, ಲೋಳೆ ಕಟ್ಟುತ್ತದೆ. ಉಳಿದ ಸಂದಿಯಲ್ಲಿ ಗಾಳಿ ನುಸುಳುವ ಸದ್ದೇ ಆ ಸೀಟಿ. ಮೈಯೇ ಅದನ್ನು ಗೆಲ್ಲುವ ತನಕ ಉಸಿರಿಗೆ ಆಸರೆ ಕೊಡಬೇಕು. ಮನೆಯಲ್ಲಿ ಯಾರಿಗೆ ನೆಗಡಿಯಾಗಿತ್ತು ಎಂದು ಕೇಳಿದರು.

ಯಾರಿಗೂ ಇಲ್ಲ ಎಂದರು ಕೃಷ್ಣಾಬಾಯಿ. ಬಾಗಿಲ ಬಳಿ ನಿಂತಿದ್ದ ಗುರುಬಾಯಿಯನ್ನು ಯಾರೂ ಕೇಳಲಿಲ್ಲ. ಸುಮ್ಮನಿದ್ದರೆ ಅವಳ ಹೆಸರಿಗೂ ಅನ್ನಕ್ಕೂ ಧಕ್ಕೆಯಿರಲಿಲ್ಲ.

"ನನಗ ಆಗಿತ್ರಿ," ಎಂದಳು. "ಅದರಾಗ ಕೂಸಿನ ಮೂಗಿನ್ಯಾಗ ಊದೀನಿ."

ಧನಶ್ರೀ ಆ ಮಾತನ್ನು ಡಾಕ್ಟರಿಗೆ ಹಿಂದಿಯಲ್ಲಿ ಹೇಳಿದಳು.

ಡಾಕ್ಟರಮ್ಮ ಬೈಯಲಿಲ್ಲ. ಇವಳಿಂದಲೇ ಬಂತೆಂದು ಹೇಳಲಾಗದು, ಈ ಚಳಿಗೆ ಊರ ತುಂಬ ಇದೇ ಇದೆ. ಆದರೆ ಇನ್ನು ಊದುವುದು ಬೇಡ, ಮೂಗು ಸೋರಿದರೆ ಮನೆಯಲ್ಲಿರಲಿ ಎಂದರು.

ಆರು ದಿನಕ್ಕೆ ಕೂಸು ಮನೆಗೆ ಬಂತು. ಕೃಷ್ಣಾಬಾಯಿ ಬೇರೆಯವಳನ್ನು ಗೊತ್ತುಮಾಡುವ ಮಾತೆತ್ತಿದರು.

"ಬ್ಯಾರೆಯಾಕಿ ಹಿಂಗ ಬಾಯಿಬಿಟ್ಟು ಹೇಳತಾಳೇನ್ರಿ, ಅತ್ಯಾ?" ಎಂದಳು ಸೊಸೆ.

ಗುರುಬಾಯಿ ಬರುವ ಹೊತ್ತಿಗೆ ನೀರು ಕಾಯಲೆಂದು ಕೃಷ್ಣಾಬಾಯಿ ಗೀಜರ್ ಹಾಕಲು ಹೋದರು.

ಅಬಿಡ್ಸ್ ಕಡೆಯ ಒಂದು ಮನೆ ಮಾತ್ರ ಗುರುಬಾಯಿಯನ್ನು ಕೆಲಸದಿಂದ ಬಿಡಿಸಿತು. ಅದೂ ನೆಗಡಿಯ ಸುದ್ದಿಗಲ್ಲ, ಊದುವುದನ್ನು ಬಿಟ್ಟು ಪದ್ಧತಿ ಕೆಡಿಸಿದಳೆಂದು. ಆಕೆ ಮೂರು ಸಲ ಅಲ್ಲಿಗೆ ಹೋದಳು. ಕೆಲಸ ಕೇಳಲಿಲ್ಲ, ಹೊಸಬಳ ಕೈಲಿ ಊದಿಸಬೇಡಿ ಎಂದಷ್ಟೇ ಹೇಳಿದಳು. ಮೂರನೆಯ ಸಲ ಕದ ತೆರೆಯಲಿಲ್ಲ. ಕದದ ಹೊರಗೆ ನಿಂತೇ, ಪಕ್ಕದ ಮನೆಯವರಿಗೂ ಕೇಳುವ ಹಾಗೆ, ಅದನ್ನೇ ಹೇಳಿ ಬಂದಳು.