ಒಂಬತ್ತರಲ್ಲಿ ಮೂರು

ಅವಳನ್ನು ಓಣಿಯವರೆಲ್ಲ ಗುಂಯಕ್ಕ ಎನ್ನುತ್ತಿದ್ದರು. ಸಂಜೆ ಅವಳ ಕಿಟಕಿಯಿಂದ ಗುಂಯ್ ಎಂಬ ಸದ್ದು ಹೊರಡದ ದಿನವಿರಲಿಲ್ಲ. ಹಗಲು ಅವಳ ಕೆಲಸ ಕಿವಿಯ ಮಷಿನ್ ಮಾರುವ ಅಂಗಡಿಯಲ್ಲಿ. ಕಿವಿ ಮಂದವಾದವರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಯಾವ ಸದ್ದು ಕೇಳಿಸುತ್ತದೆ, ಯಾವುದು ಇಲ್ಲ ಎಂದು ಪರೀಕ್ಷಿಸುವುದು. ತನ್ನ ಕಿವಿಯ ಬಗ್ಗೆ ಅವಳಿಗೆ ಸಣ್ಣ ಜಂಬವಿತ್ತು. ಸುಳ್ಳೇಕೆ, ದೊಡ್ಡದೇ ಇತ್ತು.

ಮನೆಯ ಹಿಂದಿನ ಕೋಣೆಯಲ್ಲಿ ಕರೆಂಟಿನಿಂದ ಬಗೆಬಗೆಯ ದನಿ ಹುಟ್ಟಿಸುವ ಒಂಬತ್ತು ಸಿಂಥಸೈಜರ್ ವಾದ್ಯಗಳಿದ್ದವು, ಎಲ್ಲವೂ ಅವಳ ಅಣ್ಣನವು. ಮಕ್ಕಳ ನಾಟಕಗಳಿಗೆ ಅಣ್ಣ ತಂಗಿ ಸೇರಿ ಸಂಗೀತ ಮಾಡುತ್ತಿದ್ದರು. ಅಣ್ಣ ತೀರಿಕೊಂಡ ಮೇಲೂ ಮೂರು ವರ್ಷ ಅವಳೊಬ್ಬಳೇ ಅದನ್ನು ನಡೆಸಿಕೊಂಡು ಬಂದಿದ್ದಳು. ಈಗ ಸೊಂಟ ಮುರಿದುಕೊಂಡ ಅತ್ತೆ ಬಂದಿದ್ದರು. ಅವರಿಗೆ ಆ ಕೋಣೆ ಬೇಕು. ಮಷಿನ್‌ಗಳಿಗೆ ಉಳಿಯುವುದು ಮೆಟ್ಟಿಲ ಕೆಳಗಿನ ಒಂದು ಮೇಜು. ಮೂರು ಹಿಡಿಸಿದರೆ ಹೆಚ್ಚು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬಂತೆ ಒಂದು ವಾರ ತಳ್ಳಿದಳು. ಅತ್ತೆ ಪಕ್ಕದ ನಡುಮನೆಯಲ್ಲಿ ಮಂಚ ಹಾಕಿಸಿಕೊಂಡು, ಒಂದು ಮಾತೂ ಆಡದೆ ಮಲಗಿದ್ದರು. ಬೈದಿದ್ದರೆ ಎಷ್ಟೋ ಮೇಲಿತ್ತು.

ಭಾನುವಾರ ಬೆಳಗ್ಗೆ ರಿಪೇರಿಯವನನ್ನು ಕರೆಸಿದಳು. ಅಣ್ಣನ ಹಳೆಯ ಗೆಳೆಯ, ಈ ಒಂಬತ್ತರ ಹೊಟ್ಟೆಯನ್ನೂ ಬಿಚ್ಚಿ ನೋಡಿದವನು.

“ಮೂರು ಸಾಕು ಅಕ್ಕಾ,” ಎಂದ ಅವನು. “ತಾಳಕ್ಕೆ ಒಂದು. ಹತ್ತು ಬೆರಳಿಗೂ ಒಟ್ಟಿಗೆ ಕೂಗೋದು ಒಂದು. ಕೆಳಗಿನ ದಪ್ಪ ದನಿಗೆ ಒಂದು. ಮಿಕ್ಕಿದ್ದೆಲ್ಲ ಬರೀ ಆಸೆ.”

ಮೊದಲೆರಡು ಬೇಗ ಆದವು. ಮೂರನೆಯದಕ್ಕೆ ಅವನು ಮೂಲೆಯಲ್ಲಿ ಬಟ್ಟೆ ಹೊದ್ದಿದ್ದ ಕಪ್ಪು ಸಿಂಥ್‌ಗೆ ಕೈ ಚಾಚಿದ. ಅವಳು ಥಟ್ಟನೆ ಅವನ ಕೈ ಹಿಡಿದಳು.

“ಅದನ್ನ ಮುಟ್ಟಬೇಡ. ಅದರಲ್ಲಿ ಅಣ್ಣ ಇದಾನೆ.”

ಆ ಸಿಂಥ್ ಹಳೆಯ ಕಾಲದ್ದು, ಅದಕ್ಕೆ ಮೆಮೊರಿ ಎಂಬುದೇ ಇಲ್ಲ. ಮೇಲಿನ ಇಪ್ಪತ್ತೆಂಟು ನಾಬ್‌ಗಳು ಹೇಗೆ ತಿರುಗಿ ನಿಂತಿವೆಯೋ ಅದೇ ಅದರ ದನಿ. ಒಂದು ಅಲುಗಿದರೂ ಹೋಯಿತು. ಅಣ್ಣ ಆಸ್ಪತ್ರೆಗೆ ಹೊರಟ ದಿನ ತಿರುಗಿಸಿಟ್ಟದ್ದು ಹಾಗೆಯೇ ಇತ್ತು. ಅವಳು ಧೂಳನ್ನು ಸಹ ಒರೆಸದೆ ಊದಿ ತೆಗೆಯುತ್ತಿದ್ದಳು. ದಿನಾ ಸಂಜೆ ಒಂದೇ ಒಂದು ಕೀ ಒತ್ತುವಳು. ಗಂಟಲು ಕಟ್ಟಿದ ಮನುಷ್ಯ ಏನೋ ಹೇಳಹೊರಟಂಥ ದನಿ ಏಳುತ್ತಿತ್ತು. ಅವಳು ಮೆಲ್ಲಗೆ ಉತ್ತರ ಕೊಡುವಳು: ಊಟ ಆಯಿತು, ನಾಟಕ ಮುಗಿಯಿತು. ಕೋಣೆಯಲ್ಲಿ ಆಗ ಇನ್ನೊಬ್ಬರು ಇದ್ದೇ ಇರುತ್ತಿದ್ದರು. ಅವಳು ಹಿಂದಿರುಗಿ ನೋಡುತ್ತಿರಲಿಲ್ಲ, ಅಷ್ಟೆ.

ರಿಪೇರಿಯವನು ಸ್ಟೂಲಿನ ಮೇಲೆ ಕುಸಿದು ಕೂತ.

“ಅಕ್ಕಾ, ಹೋದ ವರ್ಷ ಇದು ಕರಕರ ಅಂತಿದೆ ಅಂತ ನನ್ನ ಹತ್ರ ಕಳಿಸಿದ್ರಲ್ಲ…”

“ನಾಬ್ ಮುಟ್ಟಬೇಡ ಅಂದಿದ್ದೆ.”

“ಮುಟ್ಟದೆ ರಿಪೇರಿ ಆಗಲ್ಲ. ಯಾವುದು ಎಲ್ಲಿತ್ತು ಅಂತ ಪೆನ್ನಲ್ಲಿ ಗುರುತು ಹಾಕ್ಕೊಂಡಿದ್ದೆ. ಆಮೇಲೆ ಸ್ಪಿರಿಟ್ ಹಾಕಿ ಕ್ಲೀನ್ ಮಾಡೋವಾಗ ಗುರುತೂ ಅಳಿಸಿಹೋಯ್ತು. ನನಗೆ ನೆನಪಿದ್ದ ಹಾಗೆ ತಿರುಗಿಸಿಟ್ಟೆ. ಹೇಳೋಕೆ ಧೈರ್ಯ ಬರಲಿಲ್ಲ.”

ಅವಳು ಸಿಂಥ್‌ನ ಬಟ್ಟೆ ಸರಿಸಿ ನಾಬ್‌ಗಳನ್ನು ನೋಡಿದಳು. ಹಾಗಾದರೆ ಒಂದು ವರ್ಷ ತಾನು ಮಾತಾಡಿದ್ದು ಯಾರ ಜೊತೆ? ಅದಕ್ಕಿಂತ ಹೆದರಿಕೆಯಾದದ್ದು ಬೇರೆ. ಕಂಡವರ ಕಿವಿಯನ್ನೆಲ್ಲ ಅಳೆಯುವ ಅವಳಿಗೆ ವ್ಯತ್ಯಾಸ ಗೊತ್ತೇ ಆಗಿರಲಿಲ್ಲ.

ಅವನು ತಲೆ ತಗ್ಗಿಸಿಕೊಂಡು ಹೋದ ಮೇಲೆ ಬಾಗಿಲು ಹಾಕಿಕೊಂಡು, ಒಂದೊಂದೇ ನಾಬ್ ತಿರುಗಿಸುತ್ತ ಅಣ್ಣನ ದನಿಯನ್ನು ಹುಡುಕಿದಳು. ಒಮ್ಮೆ ಕೆಟ್ಟ ಫ್ಯಾನಿನ ಸದ್ದು ಬಂತು, ಒಮ್ಮೆ ಕಾಗೆಯದು. ಒಮ್ಮೆ ಯಾರೋ ಬೆನ್ನ ಹಿಂದೆಯೇ ಕೆಮ್ಮಿದಂತಾಯಿತು. ಗರಕ್ಕನೆ ತಿರುಗಿದಳು. ಖಾಲಿ ಕುರ್ಚಿ, ಅದರ ಹಿಂದೆ ಗೋಡೆ. ನಿಜವಾದ ದನಿ ಹೇಗಿತ್ತೆಂದು ಅವಳಿಗೆ ಈಗ ನೆನಪೇ ಇರಲಿಲ್ಲ.

ಸಂಜೆಯ ಹೊತ್ತಿಗೆ ಇಪ್ಪತ್ತೆಂಟನ್ನೂ ಸೊನ್ನೆಗೆ ತಿರುಗಿಸಿದಳು. ಕೀ ಒತ್ತಿದಳು. ಏನೂ ಕೇಳಲಿಲ್ಲ. ಮೂರನೆಯದು ಇದೇ ಇರಲಿ ಎಂದು ಅದನ್ನು ಎತ್ತಿಕೊಂಡು ನಡುಮನೆ ದಾಟುತ್ತಿದ್ದಾಗ ಮಂಚದಿಂದ ಅತ್ತೆ ಕೇಳಿದರು.

“ಯಾಕಮ್ಮಾ, ಇವತ್ತು ನಿಮ್ಮಣ್ಣ ಮಾತಾಡ್ಲಿಲ್ಲ?”

ವಾರವಿಡೀ ಅವರು ಎಲ್ಲ ಕೇಳಿಸಿಕೊಂಡಿದ್ದರು. ಅವಳು ಭಾರ ಹೊತ್ತು ನಿಂತೇ ಇದ್ದಳು.

“ಇಲ್ಲ ಅತ್ತೆ,” ಎಂದಳು. “ಅಣ್ಣ ಸತ್ತುಹೋದ.”

ಮೂರು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಿದ್ದದ್ದು ಅದೇ ಮೊದಲು. ಅತ್ತೆ ಮುರಿದ ಸೊಂಟದಲ್ಲೇ ನರಳುತ್ತ ಗೋಡೆಯ ಕಡೆ ಸರಿದು, ಮಂಚದ ಮೇಲೆ ಅವಳಿಗೆ ಜಾಗ ಮಾಡಿದರು.